ಗುಬ್ಬಿ ಅಂಚು

“ಲಂಗದೊಳಗಿಂದ ಹೊರಗ ಬಂದವರು ನಾವೆಲ್ಲಾರೂ ಅದೀವಿ. ಹೊರಗ ಬಂದ ಮ್ಯಾಲ ತಿರುಗಿ ಒಳಗ ಕಣ್ಣು ಹಾಕಿದಾಂವ ಈ ಅಡಿವ್ಯಾ ಒಬ್ಬನ ನೋಡ್ರಿ!”

ಅಂಚಿನ ಓಣಿಯ ನಡುವೆ ನಿಂತು ಗುರುಶಾಂತಪ್ಪ ನನ್ನ ಕಡೆ ಬೆರಳು ಮಾಡಿ ಈ ಮಾತು ಆಡಿದಾಗ ಸಾಲಾಗಿ ಕುಳಿತಿದ್ದ ಹೊಲಿಗೆಯವರೆಲ್ಲ ಸೂಜಿ ನಿಲ್ಲಿಸಿದರು. ಮೊದಲು ಯಾರೂ ನಗಲಿಲ್ಲ. ಗುರುಶಾಂತಪ್ಪ ಓಣಿಯ ಹಿರಿಯ. ಆತ ನಕ್ಕ ಮೇಲೆ ಉಳಿದವರು ನಗಬೇಕು, ಅದು ಅಲ್ಲಿನ ಶಿಸ್ತು. ಆತ ಬಾಯೊಳಗಿನ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸಾಗಿಸಿ ಮೀಸೆಯಡಿಯಲ್ಲಿ ಒಂದು ನಗೆ ಬಿಟ್ಟ. ಅಷ್ಟೇ ಸಾಕಾಯಿತು. ನನ್ನ ಜೊತೆ ಒಂದೇ ತಾಟಿನಲ್ಲಿ ಉಂಡವರು, ನನ್ನ ಅಪ್ಪನ ಕೈಯಲ್ಲಿ ಸೂಜಿ ಹಿಡಿಯಲು ಕಲಿತವರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಣ್ಣೆ ಗಾಣದ ಹಾಲವ್ವ ಒಬ್ಬಳು ನಗಲಿಲ್ಲ. ಆಕೆ ನಗಲು ಬಂದವಳಲ್ಲ. ನನ್ನ ಅಕ್ಕನನ್ನು ಸೊಸೆಯಾಗಿ ತಂದುಕೊಳ್ಳಬೇಕೋ ಬೇಡವೋ ಎಂದು ತಿಳಿದುಕೊಳ್ಳಲು ಕಾದು ನಿಂತಿದ್ದಳು.

ನಾನು ಮಾತು ನುಂಗುವ ಪೈಕಿ ಅಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಐದನೇ ಇಯತ್ತೆಯಲ್ಲಿ ಮಾಸ್ತರರು ನನ್ನ ಅಪ್ಪನ ಕಸುಬು ಹಿಡಿದು “ಲಂಗದ ಮಗ” ಎಂದು ಕರೆದರು. ಪಾಟಿಯನ್ನು ಅವರ ಮೇಜಿನ ಮೇಲೆ ಒಡೆದು ಮನೆಗೆ ಬಂದೆ, ತಿರುಗಿ ಹೋಗಲಿಲ್ಲ. ಗುರುಶಾಂತಪ್ಪ ಹಾಗಂದಾಗಲೂ ಬಟ್ಟೆ ಬಿಗಿದ ಮರದ ಚೌಕಟ್ಟು ಕೈಯಲ್ಲೇ ಇತ್ತು, ಬೀಸಿದೆ. ಅದು ಆತನ ಕಿವಿ ಪಕ್ಕದಲ್ಲಿ ಹಾದು ಗೋಡೆಗೆ ಬಡಿದು ಎರಡಾಯಿತು.

“ನಾ ತಿರುಗಿದ್ದನ್ನ ಯಾವ ಮಗ ನೋಡ್ಯಾನ? ಮುಂದ ಬರ್ರಿ! ನಾ ತಿರುಗಿದ್ದು ನಿಮ್ಮ ಕಣ್ಣಿಗೆ ಬಿತ್ತಂದ್ರ, ನೀವೂ ತಿರುಗೀರಿ ಅಂತ ಆತು!”

“ಕಣ್ಣಿಗೆ ಬೀಳಬೇಕಿಲ್ಲಪಾ ತಮ್ಮಾ,” ಎಂದ ಗುರುಶಾಂತಪ್ಪ, ಚೌಕಟ್ಟಿನ ತುಂಡುಗಳನ್ನು ಕಾಲಿನಿಂದ ಸರಿಸುತ್ತ. “ಲಂಗದ ಮ್ಯಾಲ ಬರದೈತಿ. ನಾಳಿ ಗಾಳಿಗೆ ಮುಂಚೆ ದೊಡ್ಡಗೋಡಿ ಮುಂದ ಬಂದು ಊರಿಗೆ ಹೇಳು.”

ಊರಿನ ಹೆಸರು ನಾನು ಹೇಳುವುದಿಲ್ಲ. ಯಾಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಬೇರೆ ಊರುಗಳಲ್ಲಿ ಗಾಳಿ ಮೂಡಣದಿಂದಲೋ ಪಡುವಣದಿಂದಲೋ ಬರುತ್ತದೆ. ನಮ್ಮಲ್ಲಿ ನೆಲದಿಂದ ಏಳುತ್ತದೆ. ಹೊತ್ತು ಇಳಿಮುಖವಾದ ಮೇಲೆ ಕಾಲಡಿಯ ಮಣ್ಣು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಬುಸ್ಸೆಂದು ನೆಟ್ಟಗೆ ಮೇಲಕ್ಕೆ ಗಾಳಿ. ಹಿಟ್ಟಿನ ಡಬ್ಬಿಗೆ ಮುಚ್ಚಳ ಬೀಳುತ್ತದೆ, ಹಪ್ಪಳ ಒಣಹಾಕಿದ ಚಾಪೆ ಒಳಗೆ ಬರುತ್ತದೆ, ಕೋಳಿಗಳು ಬುಟ್ಟಿಯಡಿ ಸೇರುತ್ತವೆ. ಗಂಡಸರು ಗೋಡೆಗೆ ಹೋಗುತ್ತಾರೆ. ಎಲ್ಲಿದ್ದರೂ ಸರಿ, ಹತ್ತಿರದ ಗೋಡೆಗೆ ಹಣೆ ಹಚ್ಚಿ ನಿಲ್ಲಬೇಕು, ಗಾಳಿ ಇಳಿದು ಮುದುಕಿಯೊಬ್ಬಳು ಕಂಚಿನ ತಾಟು ಬಾರಿಸುವವರೆಗೆ. ಊರಿನ ಗೋಡೆಗಳಲ್ಲೆಲ್ಲ ಆಳೆತ್ತರದಲ್ಲಿ ಎಣ್ಣೆಯ ಕಲೆಗಳಿವೆ, ಹಣೆಗಳು ಸವೆಸಿದ ತಗ್ಗುಗಳಿವೆ. ಅಪ್ಪನ ತಗ್ಗು ಮಗನಿಗೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಮೇಲೆ ತಗ್ಗಿಗಾಗಿ ಜಗಳವಾಡಿದ್ದನ್ನು ನಾನು ನೋಡಿದ್ದೇನೆ. ಒಮ್ಮೆ ಬೀಜದ ಕಂಪನಿಯ ಸಾಹೇಬನೊಬ್ಬ ಜೀಪಿನಿಂದ ಇಳಿದವನು ಕಾರಣ ಕೇಳುತ್ತ ನಿಂತ. ನಮ್ಮವರು ಕಾರಣ ಹೇಳಲಿಲ್ಲ, ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು. ಮರುದಿನ ಅವನೇ ಎಲ್ಲರಿಗಿಂತ ಮುಂಚೆ ಹೋಗಿ ನಿಂತ.

ನಮ್ಮ ಬೆನ್ನ ಹಿಂದೆ ಬೀದಿಯೆಲ್ಲ ಹೆಂಗಸರದು. ಸೀರೆಗಳು ಕೊಡೆಯಂತೆ ಮೇಲಕ್ಕೇಳುತ್ತವೆ. ಒಳಲಂಗವೂ ಏಳಬಾರದೆಂದು ಅದರ ಅಂಚಿಗೆ ಒತ್ತೊತ್ತಾಗಿ ನೆರಿಗೆ ಹಿಡಿದು, ಕೊನೆಯ ಮಡಿಕೆಯೊಳಗೆ ಹುಣಸೆ ಬೀಜ ತುಂಬಿ ಹೊಲಿದಿರುತ್ತಾರೆ. ಆ ಭಾರಕ್ಕೆ ಲಂಗ ಉಬ್ಬುತ್ತದೆ, ಮೀನಖಂಡಕ್ಕಿಂತ ಮೇಲೆ ಹೋಗುವುದಿಲ್ಲ. ಗೋಡೆಗೆ ನಿಂತ ನಮಗೆ ಕೇಳುವುದು ಬೀಜಗಳ ಸದ್ದು, ನಗು, ಪಿಸುಮಾತು. ಕಾಣಿಸುವುದು ಸುಣ್ಣ. ಹೀಗಾಗಿ ಆ ಊರಿನಲ್ಲಿ ಹೆಣ್ಣಿನ ಸೀರೆಯನ್ನು ಯಾರೂ ಕೇಳುವುದಿಲ್ಲ, ಎರಡು ಬಣ್ಣದ ಹತ್ತಿ ಸೀರೆಯಲ್ಲೇ ಜೀವನ ಮುಗಿಯುತ್ತದೆ. ಕೇಳುವುದು ಒಳಲಂಗದ ಅಂಚನ್ನು. ಅಲ್ಲಿ ಏನು ಹೂವು, ಏನು ಹಕ್ಕಿ, ಯಾವ ನೂಲು, ಹೊಲಿಗೆ ಎಷ್ಟು ಒತ್ತು. ಸೊಸೆ ಹುಡುಕುವ ತಾಯಂದಿರು ಹುಡುಗಿಯ ಮೂಗು ನೋಡುವ ಮೊದಲು ಅಂಚು ನೋಡುತ್ತಾರೆ. ಅದನ್ನು ಬರೆದು ಹೊಲಿಯುವವರು ಮಾತ್ರ ನಾವು, ಗಂಡಸರು, ಅಂಚಿನ ಓಣಿಯವರು. “ನೋಡಾವ್ರು ಬರೀಬಾರದು, ಬರಿಯಾವ್ರು ನೋಡಬಾರದು” ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ತಪ್ಪಿದರೆ ಏನೆಂಬುದೂ ಗೊತ್ತು. ಗೋಡೆ ಬಿಟ್ಟು ತಿರುಗಿದ ಗಂಡಸಿಗೆ ಊರಿನ ಯಾವ ಗೋಡೆಯಲ್ಲೂ ಜಾಗವಿಲ್ಲ. ದಿನಾ ಗಾಳಿಗೆ ಮುಂಚೆ ಎಲ್ಲೆಕಲ್ಲು ದಾಟಿ ಹೋಗಿ ಕೂರಬೇಕು. ಹಾಗೆ ದಿನಾ ಎದ್ದು ಹೋಗುವವನು ಒಂದು ದಿನ ತಿರುಗಿ ಬರುವುದನ್ನೇ ಬಿಡುತ್ತಾನೆ. ಅಂಚು ಬರೆದ ಹೆಂಗಸಿಗೆ ಬೋಳಂಚು. ಅವಳ ಲಂಗಗಳ ಅಂಚನ್ನೆಲ್ಲ ಬೀಜಸಮೇತ ಕತ್ತರಿಸಿ ಹಾಕುತ್ತಾರೆ. ಗಾಳಿಯ ಹೊತ್ತಿನಲ್ಲಿ ಅವಳು ಸಾಯುವತನಕ ಬಾಗಿಲು ಹಾಕಿಕೊಂಡು ಕಂಬ ಹಿಡಿದು ಕೂರಬೇಕು. ಅಂಥವಳೊಬ್ಬಳು ನಮ್ಮ ಹಿತ್ತಲ ಮಗ್ಗುಲಿನ ಮನೆಯಲ್ಲಿದ್ದಳು. ಅವಳ ಹೆಸರು ನನಗೆ ಗೊತ್ತಿಲ್ಲ, ಯಾರೂ ಕರೆದದ್ದನ್ನು ಕೇಳಲಿಲ್ಲ.

ನನ್ನ ಅಪ್ಪ ಬಾಳಪ್ಪ ಗಿಳಿ ಬರೆಯುವುದರಲ್ಲಿ ಹೆಸರಾದವನು. ಸೂಜಿಯಿಂದ ತೂತು ಹೊಡೆದ ಕಾಗದವನ್ನು ಬಟ್ಟೆಯ ಮೇಲಿಟ್ಟು ನೀಲಿಪುಡಿ ತಿಕ್ಕಿದರೆ ಸಾಲಾಗಿ ಗಿಳಿಗಳು ಮೂಡುತ್ತಿದ್ದವು, ಕೊಕ್ಕಿನಲ್ಲಿ ಮಾವಿನ ಚಿಗುರು, ಕುತ್ತಿಗೆಗೆ ಎರಡೆಳೆ ಕೆಂಪು. ಕಣ್ಣು ಹೋಗುವತನಕ ಅದನ್ನೇ ಬರೆದ. ಆತ ತೀರಿಕೊಂಡ ಮೇಲೆ ಕಾಗದ ನನಗೆ ಬಂತು, ಗೋಡೆಯ ತಗ್ಗು ನನಗೆ ಬಂತು, ಸಿಟ್ಟೂ ಆತನದೇ ಅನ್ನುತ್ತಾಳೆ ಅವ್ವ.

ಅಕ್ಕನ ಹೆಸರು ಚಂಪವ್ವ. ಅವಳನ್ನು ನೋಡಿಹೋದ ಮನೆಗಳು ಒಂದೆರಡಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ತಿರುಗಿ ಬರಲೂ ಇಲ್ಲ. ಕೊನೆಗೆ ಗಾಣದ ಹಾಲವ್ವ ಸೋಮವಾರದ ಗಾಳಿಗೆ ಬಂದು ನೋಡುತ್ತೇನೆಂದು ಹೇಳಿ ಕಳಿಸಿದಳು. ಅವ್ವ ನನ್ನ ಮುಂದೆ ಹೊಸ ಬಿಳಿ ಲಂಗದ ಬಟ್ಟೆ ಇಟ್ಟು, “ನಿಮ್ಮಪ್ಪನ ಗಿಳಿಗೆ ಜೀವಾ ತುಂಬಲೇ ಮಗನ. ಈ ಸಂಬಂಧ ತಪ್ಪಿದ್ರ ನಿಮ್ಮಕ್ಕ ನನ್ನ ಸಂಗಾಟ ಮುದುಕಿ ಆಗತಾಳ,” ಎಂದಳು. ನಾನು ಗಿಳಿಯ ಕಾಗದ ತೆಗೆದು ಹಾಸಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಕ್ಕಳು.

“ಯಾಕ ನಕ್ಕಿ?”

“ಏನಿಲ್ಲ ಬಿಡೋ ತಮ್ಮಾ.”

“ಏನಿಲ್ಲ ಅಂದ್ರ ಯಾಕ ನಕ್ಕಿ? ಹೇಳಬೇ!”

ಅವ್ವ ಹೊರಗೆ ಹೋಗಿದ್ದಾಳೋ ಎಂದು ಅಕ್ಕ ಕಣ್ಣಲ್ಲೇ ನೋಡಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕುಳಿತಳು. “ಸಿಟ್ಟಾಗಬ್ಯಾಡ. ನಿಮ್ಮ ಗಿಳಿ ನೋಡಿ ನಾವು ಎಲ್ಲಾರೂ ನಗತೀವಿ. ನೀವು ಮೇಜಿನ ಮ್ಯಾಲ ಬಟ್ಟಿ ಹಾಸಿ ಬರೀತೀರಿ. ಮೈಮ್ಯಾಲ ಬಂದ ಮ್ಯಾಲ ಅದು ನೆರಿಗಿ ಆಗತೈತಿ. ಗಾಳಿ ತುಂಬಿತಂದ್ರ ಅರ್ಧಾ ಗಿಳಿ ಮಡಚಿನ ಹೊಟ್ಟ್ಯಾಗ, ಅರ್ಧಾ ಮಡಚಿನ ಬೆನ್ನ ಮ್ಯಾಲ. ಕುತ್ತಿಗಿ ಮುರದ ಗಿಳಿ, ಸೊಂಡಿ ಇಲ್ಲದ ಆನಿ. ಊರ ತುಂಬ ಹೆಣಗೋಳು ಹಾರಾಡತಾವ.”

“ಅಪ್ಪನ ಗಿಳೀನೂ?”

“ಎಲ್ಲಾಕಿಂತ ಮೊದಲ ಅಪ್ಪನ ಗಿಳಿ. ಅವ್ವ ಲಗ್ನಾದಾಗಿಂದ ಮುರದ ಗಿಳೀನ ಉಟ್ಟಾಳ. ಅಪ್ಪಗ ಒಂದ ದಿನಾ ಹೇಳಲಿಲ್ಲ.”

ಗಾಳಿಯ ಹೊತ್ತಿನಲ್ಲಿ ಕಂಡದ್ದನ್ನು ಹೆಂಗಸರು ಗಂಡಸರಿಗೆ ಹೇಳುವಂತಿಲ್ಲ. ಹಾಗಾಗಿ ತಲೆತಲಾಂತರದಿಂದ ನಾವು ತಪ್ಪು ಬರೆಯುತ್ತ ಬಂದಿದ್ದೇವೆ, ಅವರು ಮುಚ್ಚಿಕೊಂಡು ನಗುತ್ತ ಬಂದಿದ್ದಾರೆ. ಗೋಡೆಗೆ ಹಣೆ ಕೊಟ್ಟು ನಿಂತಾಗ ಬೆನ್ನ ಹಿಂದಿನಿಂದ ಬರುತ್ತಿದ್ದ ಆ ನಗುವನ್ನು ಕೇಳಿ ಅಪ್ಪ ಹಿಗ್ಗುತ್ತಿದ್ದ. “ಕೇಳಿದ್ಯಾ? ನನ್ನ ಗಿಳಿಗೆ ಖುಷಿ ಪಟ್ಟು ನಗಾಕತ್ತಾವ” ಎನ್ನುತ್ತಿದ್ದ. ನನಗೆ ಕಾಗದ ಹರಿದು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ, ಹಾಗಾಗಿ ಅಕ್ಕನ ಮೇಲೆ ಕೂಗಿದೆ. “ಅಷ್ಟ ಗೊತ್ತಿದ್ದಾಕಿ ನೀನ ಬರಿ ಹಂಗಾದ್ರ!”

ಕೂಗಿದ್ದು ಬೈಯಲು. ಅಕ್ಕ ಅದನ್ನು ಬೈಗುಳವಾಗಿ ತೆಗೆದುಕೊಳ್ಳಲಿಲ್ಲ. ಸುಮ್ಮನೆ ಎದ್ದು ಹಿತ್ತಲಿಗೆ ಹೋಗಿ ರಂಗೋಲಿ ಹಿಟ್ಟು ತಂದು ನೆಲದ ಮೇಲೆ ಚುಕ್ಕಿ ಇಡತೊಡಗಿದಳು. ಮನೆಮುಂದೆ ಇಡುವ ಚುಕ್ಕಿಯಂತಲ್ಲ. ಎರಡು ಒತ್ತಾಗಿ, ಒಂದು ದೂರ, ಮತ್ತೆ ಎರಡು ಒತ್ತಾಗಿ. ತನ್ನ ಹಳೆಯ ಲಂಗದ ಅಂಚನ್ನು ಪಕ್ಕದಲ್ಲಿ ಹಿಡಿದು ಬೆರಳಿಂದ ತೋರಿಸಿದಳು. ಇದು ನೆರಿಗೆಯ ಬೆನ್ನು, ನಿಂತಾಗ ಕಾಣುವುದು ಇಷ್ಟೇ, ಇಲ್ಲಿ ಜೋಳದ ತೆನೆ. ಇದು ನೆರಿಗೆಯ ಹೊಟ್ಟೆ, ಗಾಳಿ ತುಂಬಿದಾಗಲಷ್ಟೇ ತೆರೆಯುವುದು, ಇಲ್ಲಿ ಗುಬ್ಬಿ. ಹೊಟ್ಟೆ ಎಂದೂ ಪೂರ್ತಿ ತೆರೆಯುವುದಿಲ್ಲ, ಆದ್ದರಿಂದ ಗುಬ್ಬಿಯನ್ನು ಅಗಲಕ್ಕೆ ಎಳೆದು ಬರೆಯಬೇಕು. ನೆಲದ ಮೇಲೆ ಮೂಡಿದ್ದು ಗುಬ್ಬಿಯೇ ಅಲ್ಲ, ಚಪ್ಪಟೆಯಾಗಿ ಬಿದ್ದ ಕಪ್ಪೆ. ಆದರೂ ಅವಳ ಕೈ ಎಲ್ಲಿಯೂ ತಡೆಯಲಿಲ್ಲ, ಒಂದು ಚುಕ್ಕಿಯನ್ನೂ ಅಳಿಸಿ ಮತ್ತೆ ಇಡಲಿಲ್ಲ. ಇದನ್ನು ಅವಳು ಅದೆಷ್ಟು ವರ್ಷದಿಂದ ಮನಸ್ಸಿನಲ್ಲಿ ಬರೆದುಕೊಂಡು ಬಂದಿದ್ದಳೋ. ನಾನು ಕಾಗದಕ್ಕೆ ಇಳಿಸಿಕೊಂಡ ಮೇಲೆ ಅಂಗಾಲಿನಿಂದ ಎಲ್ಲವನ್ನೂ ಉಜ್ಜಿ ಅಳಿಸಿದಳು. ಯಾರಿಗೂ ಹೇಳಬೇಡ ಎಂದು ಆಣೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಆಣೆಯಾದರೆ ಮುರಿಯಲಿಕ್ಕೆ ಬರುತ್ತದೆ.

ಓಣಿಯಲ್ಲಿ ಕೂತು ಹೊಲಿಯುವಾಗ ನನ್ನ ಚೌಕಟ್ಟಿನ ಸುತ್ತ ಜಾತ್ರೆ ಸೇರಿತು. “ಲೇ ಅಡಿವ್ಯಾ, ಏನೋ ಇದು, ಕಪ್ಪಿ?” “ಜ್ವಾಳದ ಹೊಲದಾಗ ಕಪ್ಪಿ ಏನ ಮಾಡತೈತೋ?” “ಮಳಿ ಬರ್ಲಿ ಅಂತ ಲಗ್ನ ಮಾಡಾಕತ್ತಾನ, ಕಪ್ಪಿಗೆ.” ಗುರುಶಾಂತಪ್ಪ ಕನ್ನಡಕ ಏರಿಸಿಕೊಂಡು ನೋಡಿ ತಲೆ ಅಲ್ಲಾಡಿಸಿದ. “ಬಾಳಪ್ಪನ ಹೊಟ್ಟ್ಯಾಗ ಇದು ಹುಟ್ಟಬಾರದಿತ್ತು. ನಿಮ್ಮಕ್ಕನ ಲಗ್ನ ಕೆಡಸಾಕ ಇಷ್ಟ ಸಾಕು.” ನಾನು ಅವರವರ ಮನೆಯ ಹೆಂಗಸರ ಲಂಗದ ಆನೆಗಳ ಬಗ್ಗೆ ನಾಲ್ಕು ಮಾತು ಅನ್ನಬಹುದಿತ್ತು, ನಾಲಗೆಯ ತುದಿಗೆ ಬಂದಿತ್ತು. ಅಂದರೆ ಅದು ನನಗೆ ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಹಲ್ಲು ಕಚ್ಚಿಕೊಂಡು ಕಪ್ಪೆ ಹೊಲಿದೆ.

ಸೋಮವಾರ ದೊಡ್ಡಗೋಡೆಯ ನಮ್ಮ ತಗ್ಗಿಗೆ ಹಣೆ ಕೊಟ್ಟು ನಿಂತೆ. ಅತ್ತ ಇತ್ತ ಓಣಿಯವರೇ ಇದ್ದರು. ಮಣ್ಣು ಬೆಚ್ಚಗಾಯಿತು, ಗಾಳಿ ಎದ್ದಿತು, ಬೀಜಗಳ ಸದ್ದು ಸುರುವಾಯಿತು. ನಗು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಗಾಳಿಯ ಹೊತ್ತಿನಲ್ಲಿ ಹೆಂಗಸರು ಸುಮ್ಮನಿದ್ದದ್ದನ್ನು ಕೇಳಿರಲಿಲ್ಲ. ಆಮೇಲೆ ತಾಟಿನ ಮುದುಕಿಯ ಒಡಕು ದನಿ: “ಹಾರಿದ್ವಬೇ! ತೆನಿ ಬಿಟ್ಟು ಹಾರಿದ್ವಬೇ, ನೋಡ್ರಿ!” ಬೀದಿಗೆ ಬೀದಿಯೇ ಕೂಗಿತು. ಯಾರೋ ಸಿಳ್ಳೆ ಹಾಕಿದಳು. ನಿಲ್ಲೇ ಚಂಪೀ, ತಿರುಗೇ ಚಂಪೀ, ಇನ್ನೊಮ್ಮೆ ತಿರುಗೇ ಎಂದು ಹತ್ತು ಬಾಯಿ. ನನ್ನ ತುಟಿಗೆ ಸುಣ್ಣ ಮೆತ್ತಿತ್ತು, ಕಣ್ಣಿನ ನೀರು ಸುಣ್ಣದಲ್ಲಿ ಕಲೆತು ಮೂಗಿಗಿಳಿಯಿತು. ನನ್ನ ಕೈಯ ಹೊಲಿಗೆ ಹಿಂದೆ ಹಾರಾಡುತ್ತಿತ್ತು. ಒಂದು ಸಲ ಕತ್ತು ಹೊರಳಿಸಿದ್ದರೆ ಮುಗಿಯಿತು. ಹೊರಳಿಸಲಿಲ್ಲ. ನಂಬುವವರು ನಂಬಿ. ನಾನು ಅದನ್ನು ಇವತ್ತಿನವರೆಗೂ ನೋಡಿಲ್ಲ.

ಹಾಲವ್ವ ಅಂದೇ ನಮ್ಮ ಮನೆಗೆ ಬಂದು ಬೆಲ್ಲ ತಿಂದಳು. “ನಿನ್ನ ಮಗಳು ನಿಂತ್ರ ಹೊಲಾ, ನಡದ್ರ ಆಕಾಶ. ಬರೂ ಹುಣ್ಣಿವಿಗೆ ಅಕ್ಕಿಕಾಳು ಹಾಕಿಬಿಡೂಣು,” ಎಂದು ಅವ್ವನ ಕೈ ಹಿಡಿದಳು. ಅಕ್ಕ ಅಡುಗೆಮನೆಯ ಕತ್ತಲಲ್ಲಿ ನಿಂತು ನನ್ನ ಕಡೆ ನೋಡಿ ನಕ್ಕಳು. ಆ ಒಂದು ನಗುವಿಗೆ ಇನ್ನೂ ನೂರು ಕಪ್ಪೆ ಹೊಲಿಯಬಹುದಿತ್ತು. ಮರುದಿನ ಓಣಿಯ ಬಾಯಿಗೆ ಹೆಂಗಸರ ಸಾಲು ನಿಂತಿತು. ಎಲ್ಲರಿಗೂ ಗುಬ್ಬಿ ಅಂಚೇ ಬೇಕು. ಗುರುಶಾಂತಪ್ಪ ನನ್ನ ಬೆನ್ನು ತಟ್ಟಿ, “ಕಾಗದ ಓಣಿಗೆ ಸೇರಿದ್ದು, ಇಲ್ಲೆ ಕೊಡು,” ಎಂದು ಇಸಿದುಕೊಂಡು ತನ್ನ ಪೆಟ್ಟಿಗೆಯಲ್ಲಿಟ್ಟ. ಮೊನ್ನೆ ಕಪ್ಪೆ ಎಂದವರೆಲ್ಲ ತಮ್ಮ ಚೌಕಟ್ಟಿಗೆ ಬಟ್ಟೆ ಬಿಗಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹಾಲವ್ವ ಗಾಣ ನಡೆಸುವವಳು. ಹಿಂಡಿಯನ್ನು ಮೂಸಿಯೇ ಎಷ್ಟು ಎಣ್ಣೆ ಉಳಿದಿದೆ ಎಂದು ಹೇಳುವಂಥವಳು. ಮನೆಗೆ ಹೋದವಳು ಆ ಅಂಚನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿರಬೇಕು. ತಾನೂ ಒಂದು ಗುಬ್ಬಿ ಅಂಚು ಹಾಕಿಸಿಕೊಳ್ಳಲೆಂದು ಓಣಿಗೆ ಬಂದಳು, ಮೇಜಿನ ಮೇಲೆ ಹಾಸಿದ ಬಟ್ಟೆಯಲ್ಲಿ ನೀಲಿಪುಡಿಯ ಕಪ್ಪೆಗಳನ್ನು ಕಂಡಳು. ನಿಂತಲ್ಲೇ ನಿಂತಳು.

“ಮೇಜಿನ ಮ್ಯಾಲ ಕಪ್ಪಿ, ಗಾಳ್ಯಾಗ ಗುಬ್ಬಿ,” ಎಂದಳು, ಯಾರಿಗೆಂದೂ ಅಲ್ಲದೆ. “ಗುರುಶಾಂತಣ್ಣಾ, ಇದನ್ನ ನೋಡದ ಬರದಾಂವ ಹೆಂಗ ಬರದ? ಒಂದೋ ಈ ಹುಡುಗ ಗೋಡಿ ಬಿಟ್ಟು ತಿರುಗ್ಯಾನ. ಇಲ್ಲಾ, ನೋಡಿದವರ ಕೈಯ ಇದನ್ನ ಬರದೈತಿ. ಎರಡರಾಗ ಯಾವುದು ಹೇಳ್ರಿ. ನಾಳಿ ಊರು ಕಂಡುಹಿಡಿದು ನನ್ನ ಸೊಸೀ ಲಂಗಕ್ಕ ಕತ್ರಿ ಹಾಕಿದ್ರ ನನ್ನ ಮಗ ಎಲ್ಲಿ ಮಾರಿ ಇಡಬೇಕು? ಬೋಳಂಚು ನನ್ನ ಹೊಸ್ತಿಲಾ ದಾಟೂದಿಲ್ಲ.”

ಗುರುಶಾಂತಪ್ಪನಿಗೆ ಯೋಚಿಸಲು ಹೊತ್ತೇ ಬೇಕಾಗಲಿಲ್ಲ. ಹೆಣ್ಣಿನ ಕೈ ಬರೆದದ್ದೆಂದರೆ ಓಣಿಯವರು ಬಿಗಿದ ಬಟ್ಟೆಯನ್ನೆಲ್ಲ ಸುಡಬೇಕಾಗುತ್ತಿತ್ತು. ಗಂಡಸು ಕದ್ದು ನೋಡಿ ಬರೆದದ್ದಾದರೆ ಗಂಡಸನ್ನು ಅಟ್ಟಿ ಅಂಚನ್ನು ಇಟ್ಟುಕೊಳ್ಳಬಹುದು. ಆಗ ಆತ ಆಡಿದ ಮಾತೇ ಮೊದಲಿಗೆ ನಾನು ಹೇಳಿದ್ದು.

ಒಡೆದ ಚೌಕಟ್ಟು ಬಿಟ್ಟು ಮನೆಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬಡಿತ ನಿಲ್ಲಿಸಲಿಲ್ಲ.

“ಹೂಂ ಅಂದುಬಿಡಪಾ,” ಎಂದಳು.

“ಏನಂತ?”

“ತಿರುಗಿದ್ನಿ ಅಂತ. ಗಂಡಸಿಗೆ ಊರು ಒಂದ ಇರತೈತೇನು? ಕೈಯಾಗ ಕಸುಬೈತಿ, ಎಲ್ಲಿ ಕುಂತ್ರೂ ಉಣ್ಣತೀ. ಹೆಣ್ಣಿಗೆ ಬೋಳಂಚು ಬಂತಂದ್ರ ಹಿತ್ತಲ ಮಗ್ಗಲಾಕಿ ನೋಡೀಯಲ್ಲ.”

“ನಾ ತಿರುಗಿಲ್ಲಬೇ ಯವ್ವಾ! ಕತ್ತ ಸೈತ ಹೊರಳಿಸಿಲ್ಲ!”

“ಗೊತ್ತೈತಿ.” ರೊಟ್ಟಿಯನ್ನು ಹಂಚಿಗೆ ಹಾಕಿದಳು. “ಗೊತ್ತಿದ್ದ ಹೇಳಾಕತ್ತೀನಿ.”

ಅಂದರೆ ಅವ್ವನಿಗೂ ಗೊತ್ತಿತ್ತು, ಬರೆದದ್ದು ಯಾರೆಂದು. ಅಕ್ಕ ಮೂಲೆಯಲ್ಲಿ ಕುಳಿತು ಹುಣಸೆ ಬೀಜ ಆರಿಸುತ್ತಿದ್ದಳು, ಹುಳುಕಾದವನ್ನು ಒಂದು ಕಡೆ, ಗಟ್ಟಿಯಾದವನ್ನು ಒಂದು ಕಡೆ. ನಾನು ಅವಳನ್ನೇ ನೋಡುತ್ತ ನಿಂತೆ. ನನಗೆ ಬೇಕಾಗಿದ್ದುದು ಒಂದೇ ಮಾತು. ಬ್ಯಾಡೋ ತಮ್ಮಾ, ನಾನ ಹೇಳತೀನಿ, ನೀ ಯಾಕ ಹೋಗತೀ. ಇಷ್ಟೇ. ಸುಳ್ಳಿಗಾದರೂ ಅನ್ನಬಹುದಿತ್ತು. ಅಂದಿದ್ದರೆ ಅವಳ ಬಾಯಿ ಮುಚ್ಚಿ, ನಗುನಗುತ್ತ ಹೋಗಿ ಊರ ಮುಂದೆ ಹತ್ತು ಸಲ ಹೂಂ ಅನ್ನುತ್ತಿದ್ದೆ.

“ಅಕ್ಕಾ, ನೀ ಏನಂತೀ?”

ಅಕ್ಕ ತಲೆ ಎತ್ತಲಿಲ್ಲ. “ರೊಟ್ಟಿ ಆರತಾವ. ಉಣ್ಣು ಮೊದಲ,” ಎಂದಳು.

ಉಂಡೆ. ಉಣ್ಣದೆ ಎದ್ದು ಹೋಗಬೇಕಿತ್ತು, ಆದರೆ ಹಸಿದಿದ್ದೆ. ಉಣ್ಣುತ್ತ ಉಣ್ಣುತ್ತ ತೀರ್ಮಾನ ಮಾಡಿದೆ, ಹೂಂ ಅನ್ನುವುದೇ ಸರಿ. ಅವಳು ಕೇಳದಿದ್ದರೂ ಸರಿ. ಕೇಳಿಸಿಕೊಂಡು ಕೊಟ್ಟರೆ ಅದೇನು ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ದೊಡ್ಡಗೋಡೆಯ ಮುಂದೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನಿಂತಿದ್ದರು. ಗಾಳಿಗೆ ಇನ್ನೂ ತುಸು ಹೊತ್ತಿತ್ತು. ನಡುವಿನ ಬಯಲಿಗೆ ನನ್ನನ್ನು ಕರೆದರು. ಗುರುಶಾಂತಪ್ಪ ತಲೆಗೆ ಬಿಳಿ ಪಟಗ ಸುತ್ತಿಕೊಂಡು, ಮದುವೆಗೆ ಬಂದವನಂತೆ ನಿಂತಿದ್ದ.

“ಬಾಳಪ್ಪನ ಮಗ ಅಡಿವೆಪ್ಪಾ, ಗುಬ್ಬಿ ಅಂಚು ಬರದಾಂವ ನೀ ಹೌದಲ್ಲೋ?”

“ಹೊಲದಾಂವ ನಾನು. ಈಗ ಹೊಲಿಯಾಕತ್ತಾವ್ರು ನೀವು,” ಎಂದೆ. “ಕಾಗದ ನಿಮ್ಮ ಪೆಟಗ್ಯಾಗ ಐತಿ. ಅದು ಹೊಲಸಾಗಿದ್ರ ಹೊರಗ ತಗೀರಿ, ಇಲ್ಲೇ ಕಡ್ಡಿ ಗೀರೂಣು. ಅಂಚು ಬೇಕು, ಅಂಚಿನಾಂವ ಬ್ಯಾಡ, ಅಲ್ಲಾ?”

ಹೆಂಗಸರ ಗುಂಪಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಗುರುಶಾಂತಪ್ಪನ ಕಿವಿ ಕೆಂಪಾಯಿತು. “ಕೇಳಿದ್ದಕ್ಕ ಹೇಳು. ತಿರುಗಿದ್ಯೋ ಇಲ್ಲೋ?”

ಹೂಂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾಲವ್ವ ಕೈ ಎತ್ತಿದಳು. “ತಡೀರಿ. ಇಂವ ಸಿಟ್ಟಿನ ಮನಷ್ಯಾ, ನಿಮ್ಮ ಮ್ಯಾಲಿನ ಸಿಟ್ಟಿಗೆ ಹೂಂ ಅಂದಾನು, ಇಲ್ಲಾ ಊಹೂಂ ಅಂದಾನು. ಅಕ್ಕ ಕೇಳಲಿ. ಕೈಯಾಗ ಆಡಿಸಿದಾಕಿ ಮುಂದ ಯಾವ ತಮ್ಮನೂ ಸುಳ್ಳು ಹೇಳೂದಿಲ್ಲ. ಬಾ ತಂಗೀ ಚಂಪವ್ವಾ.”

ಹಾಲವ್ವನ ಜಾಣತನ ನೋಡಿ ನನಗೆ ಒಳಗೊಳಗೇ ಹಿಗ್ಗಾಯಿತು, ನಿಜ ಹೇಳುತ್ತೇನೆ. ಅಕ್ಕ ಬರಲಾರಳು ಎಂದುಕೊಂಡೆ. ಬಂದರೂ ನನ್ನ ಮುಖ ಕಂಡು ಅಳುತ್ತಾಳೆ, ಕೇಳಲಾರಳು. ಅವಳು ಕೇಳಲಾರದೆ ನಿಂತದ್ದನ್ನು ಕಂಡರೆ ನಾನೇ ಗಟ್ಟಿಯಾಗಿ ಹೂಂ ಅನ್ನುತ್ತೇನೆ, ಊರು ಮನೆಗೆ ಹೋಗಲಿ.

ಅಕ್ಕ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹೊಸ ಲಂಗದ ಬೀಜಗಳ ಸಣ್ಣ ಸದ್ದು ಮಾಡುತ್ತ ನಡೆದು ಬಂದು ನನ್ನಿಂದ ಮಾರು ದೂರದಲ್ಲಿ ನಿಂತಳು. ಅಳಲಿಲ್ಲ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ತಮ್ಮನೇ ಹೊರತು ಬೇರೇನೂ ಆಗಿರಲಿಲ್ಲ.

“ಅಡಿವೆಪ್ಪಾ,” ಎಂದಳು, “ಗೋಡಿ ಬಿಟ್ಟು ತಿರುಗಿದ್ಯೇನು?”

ನೀರು ಕಾದವೇನು, ಎಮ್ಮಿ ಹಿಂಡಿದ್ಯೇನು ಎಂದು ಕೇಳಿದ ಹಾಗಿತ್ತು. ಕಣ್ಣಿನಲ್ಲಿ ಬೇಡಿಕೆ ಇರುತ್ತದೇನೋ ಎಂದು ಹುಡುಕಿದೆ. ಹೆದರಿಕೆಯಾದರೂ ಇದ್ದೀತೆಂದು ಹುಡುಕಿದೆ. ಇರಲಿಲ್ಲ. ಅಲ್ಲಿ ಇದ್ದದ್ದು ಉತ್ತರಕ್ಕಾಗಿ ಕಾಯುತ್ತಿದ್ದ ಒಬ್ಬ ಹೆಂಗಸು, ಗಾಣದ ಮನೆಯ ಸೊಸೆ. ನಾನು ತಿರುಗಿದೆನೋ ಇಲ್ಲವೋ ಎಂದು ಅವಳಿಗೆ ನಿಜಕ್ಕೂ ಗೊತ್ತಿಲ್ಲವೇನೋ ಅನ್ನುವ ಹಾಗೆ ನಿಂತಿದ್ದಳು. ನೆಲದ ಮೇಲೆ ಚುಕ್ಕಿ ಇಟ್ಟವಳನ್ನು ಅಂಗಾಲಿನಿಂದ ಉಜ್ಜಿ ಹಾಕಿ ಬಂದಿದ್ದಳು.

ಊಹೂಂ ಎಂದರೆ ಮುಗಿಯಿತು. ಅದು ನಿಜವೂ ಹೌದು. ಆ ಕ್ಷಣಕ್ಕೆ ನನಗೆ ಅದನ್ನು ಹೇಳುವಷ್ಟು ಸಿಟ್ಟೂ ಇತ್ತು. ಹಿತ್ತಲ ಮಗ್ಗುಲಿನ ಬಾಗಿಲು ಹಾಕಿದ ಮನೆ ಕಣ್ಣಿಗೆ ಬಂತು, ಊಹೂಂ ಬಾಯಿಗೆ ಬರಲಿಲ್ಲ. ಹೂಂ ಎಂದರೂ ಮುಗಿಯಿತು. ಅದನ್ನೇ ಹೇಳಲು ಬಂದಿದ್ದೆ, ಉಣ್ಣುತ್ತ ತೀರ್ಮಾನಿಸಿದ್ದೆ, ನನ್ನ ಕೈಯಾರೆ ಅವಳ ಮಡಿಲಿಗೆ ಹಾಕಬೇಕೆಂದಿದ್ದೆ. ಹೀಗೆ ಎಲ್ಲರ ಮುಂದೆ ಕೈ ಚಾಚಿ, ಬರಬೇಕಾದದ್ದನ್ನು ಇಸಿದುಕೊಳ್ಳುವವಳಂತೆ ಕೇಳಿದ ಮೇಲೆ ಅದೂ ಬರಲಿಲ್ಲ.

“ಮಾತಾಡಲೇ!” ಎಂದು ಗಂಡಸರ ಗುಂಪಿನಿಂದ ಯಾರೋ ಕೂಗಿದರು. “ಯಾವಾಗಲೂ ಮಾತಿಗೆ ಎಂಟಾಣಿ ಮುಂದ ಇರತಿದ್ದಿ, ಈಗೇನು ನಾಲಿಗಿ ಸೇದಿ ಹೋತೇನು?”

ನಾನು ಎಲ್ಲೆಕಲ್ಲಿನ ದಾರಿಗೆ ತಿರುಗಿ ನಡೆದೆ. ಅಂಗಾಲಿಗೆ ಮಣ್ಣು ಬೆಚ್ಚಗೆ ತಾಗತೊಡಗಿತ್ತು. ಹಿಂದೆ ಗಂಡಸರು ಬೈಯುತ್ತಲೇ ಗೋಡೆಯ ಕಡೆ ಓಡುವ ಸದ್ದು ಕೇಳಿತು. “ನೋಡ್ರಿ, ಬಾಯಿ ಬಿಡಲಿಲ್ಲ ಅಂದ್ರ ಒಪ್ಪಿದಂಗ ಆತು,” ಎಂದು ಗುರುಶಾಂತಪ್ಪ ಊರಿಗೆ ತಿಳಿಸಿ ಹೇಳುತ್ತಿದ್ದ. ಹಾಲವ್ವ ಏನೋ ಕೇಳಿದಳು, ಅವ್ವ ಏನೋ ಹೇಳಿದಳು. ಅವೆಲ್ಲದರ ಮೇಲೆ ಅಕ್ಕನ ದನಿ ಬಂತು, ಈ ಸಲ ಒಡೆದಿತ್ತು.

“ತಮ್ಮಾ,” ಎಂದಳು. “ಹೇಳಿ ಹೋಗೋ ತಮ್ಮಾ.”

ನಾನು ನಡೆದೆ.